ಸೆರೆಮನೆಗೆ ಸೂಜಿದಾರ ಒಯ್ದ ತಾಯಿ: ಎಲಿಜಬೆತ್ ಫ್ರೈ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನಮ್ಮನ್ನು ಕೇಳಿಕೊಂಡಾಗ, ಅವರು ಯಾರಾದರೊಬ್ಬ ಸಂತರ ಚರಿತ್ರೆಯನ್ನೇ ನಿರೀಕ್ಷಿಸಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾವು ಆರಿಸಿಕೊಂಡಿರುವುದು ಇಂಗ್ಲೆಂಡಿನ ಒಬ್ಬ ಗೃಹಿಣಿಯನ್ನು. ಆಕೆ ಕಥೋಲಿಕಳಲ್ಲ, ಬಲಿಪೂಜೆಯೂ ಗುರುಪಟ್ಟವೂ ಇಲ್ಲದ, ಮೌನವಾಗಿ ಕುಳಿತು ಪ್ರಾರ್ಥಿಸುವ ಕ್ವೇಕರ್ ಪಂಗಡಕ್ಕೆ ಸೇರಿದವಳು. ನಮ್ಮಿಂದ ಬೇರ್ಪಟ್ಟ ಸಹೋದರರಲ್ಲಿಯೂ ಪವಿತ್ರಾತ್ಮರು ಕಾರ್ಯವೆಸಗುತ್ತಾರೆಂಬುದನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿಯೇ ಸ್ಪಷ್ಟಪಡಿಸಿರುವುದರಿಂದ ಈ ಆಯ್ಕೆಗೆ ನಾವು ಕ್ಷಮೆ ಕೋರಬೇಕಾಗಿಲ್ಲವೆಂದು ಭಾವಿಸಿದ್ದೇವೆ.

ಈ ಆಯ್ಕೆಗೆ ಇನ್ನೊಂದು ಕಾರಣವೂ ಉಂಟು. ಕಳೆದ ಹಲವು ತಿಂಗಳುಗಳಿಂದ ನಮ್ಮ ಮಾತೆಯರ ಸಂಘದವರು ದೇವಾಲಯದ ಹಿಂದಿನ ಸಭಾಂಗಣದಲ್ಲಿ ಮಧ್ಯಾಹ್ನದ ಹೊತ್ತು ಕುಳಿತು, ಹಳೆಯ ಸೀರೆ ಪಂಚೆಗಳ ಚೂರುಗಳನ್ನು ಜೋಡಿಸಿ, ಬಡ ವೃದ್ಧರಿಗಾಗಿ ಕೌದಿಗಳನ್ನು ಹೊಲಿಯುತ್ತಿದ್ದಾರೆ. ಆ ದೃಶ್ಯವನ್ನು ಕಾಣುವಾಗಲೆಲ್ಲ ನಮಗೆ ಯೊಪ್ಪ ಪಟ್ಟಣದ ತಬಿಥಾ ನೆನಪಾಗುತ್ತಾಳೆ. ಆಕೆ ಮೃತಳಾದಾಗ ವಿಧವೆಯರು ಸಂತ ಪೇತ್ರರ ಮುಂದೆ ತಂದು ತೋರಿಸಿದ್ದು ಆಕೆ ಹೊಲಿದುಕೊಟ್ಟ ಅಂಗಿಗಳನ್ನೇ ಅಲ್ಲವೇ? ತಬಿಥಾಳ ಬೆನ್ನಿಗೇ ನೆನಪಿಗೆ ಬರುವವಳು ಎಲಿಜಬೆತ್ ಫ್ರೈ. ತಬಿಥಾ ಬಡವರಿಗಾಗಿ ಹೊಲಿದಳು. ಎಲಿಜಬೆತ್ ಮೊದಲು ಬಡವರಿಗಾಗಿ ಹೊಲಿದಳು. ಅನಂತರ ಸೂಜಿಯನ್ನು ಬಡವರ ಕೈಗೇ ಕೊಟ್ಟಳು. ಈ ಎರಡನೆಯ ಕೆಲಸ ಮೊದಲನೆಯದಕ್ಕಿಂತ ಎಷ್ಟು ಕಷ್ಟವೆಂಬುದನ್ನು ಅನುಭವಿಸಿದವರೇ ಬಲ್ಲರು.

ಎಲಿಜಬೆತ್ ಜನಿಸಿದ್ದು 1780ರ ಮೇ 21ರಂದು, ಇಂಗ್ಲೆಂಡಿನ ಪೂರ್ವ ಭಾಗದಲ್ಲಿರುವ ನಾರ್ವಿಚ್ ಪಟ್ಟಣದಲ್ಲಿ. ತಂದೆ ಜಾನ್ ಗರ್ನಿ ಉಣ್ಣೆ ವ್ಯಾಪಾರದಿಂದಲೂ ಬ್ಯಾಂಕ್ ವ್ಯವಹಾರದಿಂದಲೂ ಸಿರಿವಂತನಾಗಿದ್ದ ಗೃಹಸ್ಥ. ತಾಯಿ ಕ್ಯಾಥರಿನ್ ಬಡವರ ಮನೆಗಳಿಗೆ ಹೋಗುವಾಗ ಮಕ್ಕಳನ್ನೂ ಜೊತೆಗೆ ಕರೆದೊಯ್ಯುತ್ತಿದ್ದಳು. ಆ ತಾಯಿ 1792ರಲ್ಲಿ ತೀರಿಕೊಂಡಾಗ ಎಲಿಜಬೆತ್‌ಗೆ ಹನ್ನೆರಡು ವರ್ಷ. ಊರ ಹೊರಗಿನ ಅರ್ಲ್‌ಹ್ಯಾಮ್ ಎಂಬ ವಿಶಾಲವಾದ ಬಂಗಲೆಯಲ್ಲಿ ಬೆಳೆಯುತ್ತಿದ್ದ ಆ ತಬ್ಬಲಿ ಮಕ್ಕಳಿಗೆ ಕ್ವೇಕರರ ಸರಳ ಉಡುಪಿನಲ್ಲಾಗಲೀ ಮೌನಾರಾಧನೆಯಲ್ಲಾಗಲೀ ಹೆಚ್ಚಿನ ಆಸಕ್ತಿ ಇರಲಿಲ್ಲ. 1798ರಲ್ಲಿ ಅಮೆರಿಕದಿಂದ ಬಂದಿದ್ದ ವಿಲಿಯಂ ಸೇವರಿ ಎಂಬ ಬೋಧಕನ ಉಪದೇಶವನ್ನು ಕೇಳಲು ಹೋದ ದಿನ ಎಲಿಜಬೆತ್ ತೊಟ್ಟಿದ್ದುದು ಕೆಂಪು ದಾರ ಹೆಣೆದ ನೇರಳೆ ಬಣ್ಣದ ಬೂಟುಗಳನ್ನು! ಆ ಬೂಟುಗಳನ್ನೇ ನೋಡಿಕೊಳ್ಳುತ್ತ ಕುಳಿತಿದ್ದ ತರುಣಿ ಮನೆಗೆ ಮರಳಿದಾಗ ಅತ್ತಿದ್ದಳು. ಅಂದಿನಿಂದ ಆಕೆಯ ಜೀವನ ಬೇರೆ ದಿಕ್ಕಿಗೆ ತಿರುಗಿತು. ಕ್ರಮೇಣ ಬಣ್ಣದ ಉಡುಗೆಗಳು ಹೋಗಿ ಬೂದು ಬಣ್ಣದ ನಿಲುವಂಗಿಯೂ ಬಿಳಿಯ ಟೊಪ್ಪಿಗೆಯೂ ಬಂದವು. ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನೆರೆಹೊರೆಯ ಬಡಮಕ್ಕಳನ್ನು ಕೂಡಿಸಿ ಪಾಠ ಹೇಳತೊಡಗಿದಳು. ಎಪ್ಪತ್ತಕ್ಕೂ ಮಿಕ್ಕಿದ ಆ ಮಕ್ಕಳ ಗದ್ದಲವನ್ನು ಕಂಡ ಅಕ್ಕತಂಗಿಯರು ಅವರಿಗೆ ಎಲಿಜಬೆತ್‌ಳ ಪಿಶಾಚಿ ಮರಿಗಳೆಂದು ಹೆಸರಿಟ್ಟಿದ್ದರಂತೆ.

1800ರ ಆಗಸ್ಟ್ ತಿಂಗಳಲ್ಲಿ ಜೋಸೆಫ್ ಫ್ರೈ ಎಂಬ ಲಂಡನ್ನಿನ ವರ್ತಕನೊಂದಿಗೆ ಆಕೆಯ ವಿವಾಹವಾಯಿತು. ಮುಂದಿನ ಇಪ್ಪತ್ತೆರಡು ವರ್ಷಗಳಲ್ಲಿ ಹನ್ನೊಂದು ಮಕ್ಕಳು ಜನಿಸಿದರು. ಆಕೆಯ ಸೇವೆಯ ಕಥೆಯನ್ನು ಓದುವಾಗ ಈ ಸಂಖ್ಯೆಯನ್ನು ಮರೆಯಬಾರದು. ಆಕೆ ಕನ್ಯಾಮಠದ ನಿಶ್ಚಿಂತೆಯಲ್ಲಿದ್ದು ಸೇವೆ ಮಾಡಿದವಳಲ್ಲ. ಬಸಿರು ಬಾಣಂತನ, ಮಕ್ಕಳ ಜ್ವರ, ಬಂಧುಬಳಗದ ಊಟೋಪಚಾರ ಇವುಗಳ ಮಧ್ಯದಿಂದಲೇ ಎದ್ದು ಸೆರೆಮನೆಗೆ ಹೋದವಳು.

ಆ ಮೊದಲ ಭೇಟಿಗೆ ಕಾರಣನಾದವನು ಸ್ಟೀಫನ್ ಗ್ರೆಲೆಟ್. ಈತ ಫ್ರಾನ್ಸಿನ ಲಿಮೋಜ್ ನಗರದ ಕಥೋಲಿಕ ಕುಲೀನ ಮನೆತನದಲ್ಲಿ ಹುಟ್ಟಿ, ಕ್ರಾಂತಿಯ ಕಾಲದಲ್ಲಿ ದೇಶಭ್ರಷ್ಟನಾಗಿ, ಅಮೆರಿಕ ಸೇರಿ ಕ್ವೇಕರನಾದವನು. 1813ರ ಜನವರಿಯ ಕೊರೆಯುವ ಚಳಿಯಲ್ಲಿ ಈತ ಲಂಡನ್ನಿನ ನ್ಯೂಗೇಟ್ ಸೆರೆಮನೆಯನ್ನು ಸಂದರ್ಶಿಸಿ, ಹೆಂಗಸರ ವಿಭಾಗದಲ್ಲಿ ಬರಿಯ ನೆಲದ ಮೇಲೆ, ಹಾಸಿಗೆ ಹೊದಿಕೆಗಳಿಲ್ಲದೆ ಬಿದ್ದಿದ್ದ ರೋಗಿಗಳನ್ನೂ, ಮೈಮೇಲೆ ತುಂಡು ಬಟ್ಟೆಯಿಲ್ಲದ ಹಸುಗೂಸುಗಳನ್ನೂ ಕಂಡ. ಅಲ್ಲಿಂದ ನೇರವಾಗಿ ಎಲಿಜಬೆತ್‌ಳ ಮನೆಗೆ ಬಂದು ತಾನು ಕಂಡುದನ್ನು ಹೇಳಿದ. ಆಕೆ ವಾದ ಮಾಡಲಿಲ್ಲ, ಸಭೆ ಕರೆಯಲಿಲ್ಲ. ಫ್ಲಾನೆಲ್ ಬಟ್ಟೆಯ ಥಾನುಗಳನ್ನು ತರಿಸಿ, ಪರಿಚಯದ ತರುಣಿಯರನ್ನು ಕೂಡಿಸಿ, ತಡಮಾಡದೆ ಶಿಶುಗಳ ಅಂಗಿಗಳನ್ನು ಹೊಲಿಯಲು ಕುಳಿತಳು. ಮರುದಿನ ಆ ಬಟ್ಟೆಗಳ ಗಂಟಿನೊಂದಿಗೆ, ಆನಾ ಬಕ್ಸ್‌ಟನ್ ಎಂಬ ಗೆಳತಿಯ ಜೊತೆಗೂಡಿ ನ್ಯೂಗೇಟಿನ ಬಾಗಿಲಲ್ಲಿ ನಿಂತಳು.

ಆ ಸೆರೆಮನೆಯ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ಹೇಳದಿದ್ದರೆ ಮುಂದಿನದು ಅರ್ಥವಾಗಲಾರದು. ಕೆಲವೇ ಕೋಣೆಗಳಲ್ಲಿ ಸುಮಾರು ಮುನ್ನೂರು ಹೆಂಗಸರು, ಜೊತೆಗೆ ಅವರ ಮಕ್ಕಳು. ವಿಚಾರಣೆಗೆ ಕಾದಿದ್ದವರು, ಶಿಕ್ಷೆಯಾದವರು, ಗಲ್ಲಿಗೆ ಹೋಗಬೇಕಾದವರು ಎಂಬ ಭೇದವಿಲ್ಲದೆ ಎಲ್ಲರೂ ಒಟ್ಟಿಗೆ. ಅಡಿಗೆ, ಬಟ್ಟೆ ಒಗೆತ, ನಿದ್ರೆ ಎಲ್ಲವೂ ಅದೇ ನೆಲದ ಮೇಲೆ. ಹಣವಿದ್ದವರಿಗೆ ಮದ್ಯ ಸಿಗುತ್ತಿತ್ತು. ಹಣವಿಲ್ಲದವರು ಉದ್ದ ಕೋಲಿನ ತುದಿಗೆ ಮರದ ಸೌಟನ್ನು ಕಟ್ಟಿ, ಕಂಬಿಗಳ ನಡುವೆ ಚಾಚಿ, ನೋಡಲು ಬಂದವರಿಂದ ಕಾಸು ಬೇಡುತ್ತಿದ್ದರು. ಕಾಸಿಗಾಗಿ ಜಡೆ ಹಿಡಿದು ಹೊಡೆದಾಡುತ್ತಿದ್ದರು. ಸೆರೆಮನೆಯ ಅಧಿಕಾರಿಯೇ ಆ ವಿಭಾಗದೊಳಗೆ ಕಾಲಿಡಲು ಅಂಜುತ್ತಿದ್ದನೆಂದ ಮೇಲೆ ಬೇರೆ ಹೇಳುವುದೇನಿದೆ? ಎಲಿಜಬೆತ್ ಒಳಗೆ ಹೋದಳು. ಕೂಸುಗಳಿಗೆ ಅಂಗಿ ತೊಡಿಸಿದಳು. ರೋಗಿಗಳಿಗೆ ಮಲಗಲು ಹುಲ್ಲು ಹಾಸಿಸಿದಳು. ಕೆಲವು ದಿನಗಳಲ್ಲಿ ಮತ್ತೆ ಹೋಗಿಬಂದಳು.

ಇಲ್ಲಿಗೇ ಕಥೆ ಮುಗಿದಿದ್ದರೆ ಅದು ಸಾವಿರಾರು ಸತ್ಕಾರ್ಯಗಳಲ್ಲಿ ಒಂದಾಗಿ ಮರೆತುಹೋಗುತ್ತಿತ್ತು. ವಾಸ್ತವವಾಗಿ ಸುಮಾರು ನಾಲ್ಕು ವರ್ಷ ಅದು ನಿಂತೇಹೋಯಿತು. ಹೆರಿಗೆಗಳು, ಗಂಡನ ವ್ಯವಹಾರದ ತೊಂದರೆ, 1815ರಲ್ಲಿ ತನ್ನದೇ ಹೆಸರಿನ ಪುಟ್ಟ ಮಗಳ ಮರಣ ಇವೆಲ್ಲ ಆಕೆಯನ್ನು ಮನೆಯಲ್ಲಿಯೇ ಕಟ್ಟಿಹಾಕಿದವು. 1816ರ ಕ್ರಿಸ್ತಜಯಂತಿಯ ಸುಮಾರಿಗೆ ಆಕೆ ನ್ಯೂಗೇಟಿಗೆ ಮರಳಿದಾಗ ಹಿಂದೆ ಹೊಲಿದುಕೊಟ್ಟ ಫ್ಲಾನೆಲ್ ಅಂಗಿಗಳ ಗುರುತೂ ಅಲ್ಲಿ ಉಳಿದಿರಲಿಲ್ಲ. ಹೆಂಗಸರು ಹಾಗೆಯೇ ಇದ್ದರು. ಮಕ್ಕಳು ಬೇರೆ ಮಕ್ಕಳಾಗಿದ್ದರು, ಅಷ್ಟೆ.

ಈ ಸಲ ಆಕೆ ಬಟ್ಟೆಯ ಗಂಟಿನಿಂದ ಆರಂಭಿಸಲಿಲ್ಲ. ಒಂದು ಪ್ರಶ್ನೆಯಿಂದ ಆರಂಭಿಸಿದಳು. ಒಂದು ಕೂಸನ್ನು ಎತ್ತಿಕೊಂಡು, ಈ ಮಕ್ಕಳಿಗಾಗಿ ನಾವೆಲ್ಲ ಕೂಡಿ ಏನಾದರೂ ಮಾಡಬಾರದೇ ಎಂದು ತಾಯಂದಿರನ್ನೇ ಕೇಳಿದಳು. ಶಾಲೆಯೊಂದನ್ನು ತೆರೆಯುವ ವಿಚಾರ ಹೀಗೆ ಹುಟ್ಟಿತು. ಉಪಾಧ್ಯಾಯಿನಿಯನ್ನು ಆರಿಸುವ ಹೊಣೆಯನ್ನು ಆಕೆ ಕೈದಿಗಳಿಗೇ ಬಿಟ್ಟಳು. ಅವರು ಆರಿಸಿದ್ದು ಗಡಿಯಾರ ಕದ್ದು ಸೆರೆ ಸೇರಿದ್ದ ಮೇರಿ ಕಾನರ್ ಎಂಬ ತರುಣಿಯನ್ನು. ಆ ತರುಣಿ ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿದಳು. ಮುಂದೆ ಆಕೆಗೆ ಕ್ಷಮಾದಾನವೂ ದೊರೆಯಿತು. ಆದರೆ ಅಷ್ಟರಲ್ಲಿ ಕ್ಷಯರೋಗ ಆಕೆಯನ್ನು ಹಿಡಿದಿತ್ತು. ಹೆಚ್ಚು ಕಾಲ ಬದುಕಲಿಲ್ಲ.

ಮಕ್ಕಳ ಶಾಲೆಯ ಬಾಗಿಲಲ್ಲಿ ತಾಯಂದಿರೂ ಗುಂಪುಗೂಡತೊಡಗಿದರು. ತಮಗೂ ಓದು ಬೇಕು, ತಮಗೂ ಕೆಲಸ ಬೇಕು ಎಂಬುದು ಅವರ ಬೇಡಿಕೆ. ನಮ್ಮ ದೃಷ್ಟಿಯಲ್ಲಿ ಎಲಿಜಬೆತ್ ಫ್ರೈಯ ಜೀವನದ ನಿಜವಾದ ಘಟ್ಟ ಇದೇ. ಬಟ್ಟೆ ಕೊಟ್ಟರೆ ಸಾಲದು, ಕೆಲಸ ಕೊಡಬೇಕೆಂಬುದು ಆಕೆಗೆ ಹೊಳೆಯಿತು. ಆದರೆ ಅಧಿಕಾರಿಗಳೂ ಬಂಧುಗಳೂ ನಕ್ಕರು. ಕಳ್ಳಿಯರ ಕೈಗೆ ಬಟ್ಟೆ ಕೊಟ್ಟರೆ ಬಟ್ಟೆ ಹೋಗುತ್ತದೆ, ಕತ್ತರಿ ಕೊಟ್ಟರೆ ರಕ್ತ ಹರಿಯುತ್ತದೆ ಎಂಬುದು ಅವರ ಅನುಭವದ ಮಾತು. ಅವರನ್ನು ದೂಷಿಸುವಂತಿಲ್ಲ. ಆ ಕೋಣೆಗಳನ್ನು ಕಂಡವರಾರೂ ಬೇರೆ ರೀತಿಯಲ್ಲಿ ಯೋಚಿಸಲಾರರು.

ಎಲಿಜಬೆತ್ ಆಗ ಮಾಡಿದ ಕೆಲಸ ಗಮನಾರ್ಹ. ಆಕೆ ಮೊದಲು ಹುಡುಕಿದ್ದು ಸೂಜಿಯನ್ನಲ್ಲ, ಹೊಲಿದ ಬಟ್ಟೆಯನ್ನು ಕೊಳ್ಳುವವರನ್ನು. ಗಡೀಪಾರಾದ ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಕಳುಹಿಸುತ್ತಿದ್ದ ಕಾಲವದು. ಅವರಿಗೆ ಬೇಕಾದ ಉಡುಪುಗಳನ್ನು ಲಂಡನ್ನಿನ ಫೆಂಚರ್ಚ್ ಬೀದಿಯ ವ್ಯಾಪಾರ ಸಂಸ್ಥೆಯೊಂದು ಒದಗಿಸುತ್ತಿತ್ತು. ಆಕೆ ಅವರ ಬಳಿಗೆ ಹೋಗಿ, ನಿಮ್ಮ ವ್ಯಾಪಾರದ ಈ ಪಾಲನ್ನು ನಿಮ್ಮಿಂದ ಕಸಿದುಕೊಳ್ಳಲು ಬಂದಿದ್ದೇನೆಂದು ಮರೆಮಾಚದೆ ಹೇಳಿದಳು. ಆ ವರ್ತಕರು ಸಿಟ್ಟಾಗಲಿಲ್ಲ. ಕೆಲಸ ಒದಗಿಸಲು ತಾವೇ ಒಪ್ಪಿದರು. ಅನಂತರವೇ ಆಕೆ ಲಂಡನ್ ನಗರದ ಅಧಿಕಾರಿಗಳ ಮುಂದೆ ಹೋದದ್ದು.

1817ರ ಏಪ್ರಿಲ್ ತಿಂಗಳಲ್ಲಿ ಹನ್ನೆರಡು ಮಂದಿ ಹೆಂಗಸರು ಕೂಡಿ ನ್ಯೂಗೇಟಿನ ಸ್ತ್ರೀ ಕೈದಿಗಳ ಸುಧಾರಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಒಬ್ಬಾಕೆ ಪಾದ್ರಿಯೊಬ್ಬನ ಪತ್ನಿ, ಉಳಿದ ಹನ್ನೊಂದು ಮಂದಿ ಕ್ವೇಕರರು. ಪ್ರತಿದಿನವೂ ಸರದಿಯಂತೆ ಸೆರೆಮನೆಗೆ ಹೋಗುವುದು, ಒಬ್ಬ ಮೇಲ್ವಿಚಾರಕಿಯನ್ನು ನೇಮಿಸುವುದು, ಬಟ್ಟೆ ನೂಲುಗಳನ್ನು ಒದಗಿಸುವುದು, ಹೊಲಿದುದನ್ನು ಮಾರಿಕೊಡುವುದು ಇವರ ಹೊಣೆ. ನಿಯಮಗಳನ್ನು ಕೈದಿಗಳ ಮುಂದೆ ಒಂದೊಂದಾಗಿ ಓದಲಾಯಿತು. ಭಿಕ್ಷೆ ಬೇಡಬಾರದು, ಬೈಯಬಾರದು, ಜೂಜಾಡಬಾರದು, ಜಗಳವಾಡಬಾರದು. ಹನ್ನೆರಡು ಮಂದಿಗೊಬ್ಬಳಂತೆ ನಾಯಕಿಯರಿರತಕ್ಕದ್ದು. ಪ್ರತಿಯೊಂದು ನಿಯಮಕ್ಕೂ ಆ ಹೆಂಗಸರು ಕೈಯೆತ್ತಿ ಒಪ್ಪಿಗೆ ಸೂಚಿಸಿದ ಮೇಲೆಯೇ ಅದು ಜಾರಿಗೆ ಬಂದದ್ದು. ತಮ್ಮ ಜೀವಮಾನದಲ್ಲಿ ಯಾರೂ ಅವರ ಅಭಿಪ್ರಾಯವನ್ನು ಕೇಳಿರಲಿಕ್ಕಿಲ್ಲ! ಸೆರೆಮನೆಯ ಹಳೆಯ ಒಗೆತದ ಕೋಣೆಗೆ ಸುಣ್ಣ ಹೊಡೆಸಿ ಹೊಲಿಗೆಯ ಶಾಲೆಯನ್ನಾಗಿ ಮಾಡಲಾಯಿತು. ಎಲಿಜಬೆತ್‌ಳ ಮೊದಲ ಶಾಲೆಯೂ ಅರ್ಲ್‌ಹ್ಯಾಮಿನ ಒಗೆತದ ಕೋಣೆಯಲ್ಲಿಯೇ ನಡೆದಿತ್ತೆಂಬುದನ್ನು ಓದುಗರು ಮರೆತಿರಲಾರರು.

ಮುಂದಿನ ಹತ್ತು ತಿಂಗಳುಗಳಲ್ಲಿ ಆ ಹೆಂಗಸರು ಹೊಲಿದು ಮುಗಿಸಿದ ಉಡುಪುಗಳ ಸಂಖ್ಯೆ ಸುಮಾರು 20,000. ಇದಲ್ಲದೆ ಕಾಲುಚೀಲಗಳನ್ನೂ ಹೆಣೆದರು. ಕೂಲಿಯ ಹಣದಿಂದ ಅವರಿಗೆ ಒಂದಿಷ್ಟು ಊಟ ಉಡುಪು ದೊರೆಯುವಂತಾಯಿತು. ನಗರದ ಮೇಯರರೂ ಅಧಿಕಾರಿಗಳೂ ನೋಡಲು ಬಂದಾಗ ಕಂಡದ್ದು ಸಾಲಾಗಿ ಕುಳಿತು ತಲೆ ಬಗ್ಗಿಸಿ ಹೊಲಿಯುತ್ತಿದ್ದ ಹೆಂಗಸರನ್ನು. ಸ್ವಲ್ಪ ಕಾಲದಲ್ಲಿಯೇ ನಗರಸಭೆ ಈ ಏರ್ಪಾಟನ್ನು ತನ್ನದಾಗಿ ಅಂಗೀಕರಿಸಿ, ಮೇಲ್ವಿಚಾರಕಿಯ ಸಂಬಳದಲ್ಲಿ ಒಂದು ಪಾಲನ್ನು ಕೊಡಲು ಒಪ್ಪಿತು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಬಹಳ ವರ್ಷಗಳ ಹಿಂದೆ, ತರುಣ ಗುರುಗಳಾಗಿದ್ದಾಗ, ನಾವಿದ್ದ ಬೇರೊಂದು ಧರ್ಮಕೇಂದ್ರದಲ್ಲಿ ದಾನಿಗಳಿಂದ ಹಣ ಕೂಡಿಸಿ ನಾಲ್ಕು ಹೊಲಿಗೆ ಯಂತ್ರಗಳನ್ನು ಕೊಂಡು, ಬಡ ವಿಧವೆಯರಿಗೆ ಹಂಚಿದೆವು. ಹಾರ ತುರಾಯಿಗಳಾದವು, ಭಾಷಣಗಳಾದವು, ಛಾಯಾಚಿತ್ರವೂ ಆಯಿತು. ಒಂದು ವರ್ಷ ಕಳೆದು ಹೋಗಿ ನೋಡಿದರೆ ಎರಡು ಯಂತ್ರಗಳು ತುಕ್ಕು ಹಿಡಿದಿದ್ದವು, ಒಂದು ಅಡವಿನ ಅಂಗಡಿ ಸೇರಿತ್ತು. ಹೊಲಿಯಲು ಅವರಿಗೆ ಬರುತ್ತಿತ್ತು. ಆದರೆ ಯಾರಿಗಾಗಿ ಹೊಲಿಯಬೇಕು, ಹೊಲಿದುದನ್ನು ಯಾರು ಕೊಳ್ಳುತ್ತಾರೆ ಎಂದು ಅವರೂ ಕೇಳಲಿಲ್ಲ, ನಾವೂ ಯೋಚಿಸಿರಲಿಲ್ಲ. ಫೆಂಚರ್ಚ್ ಬೀದಿಯ ಆ ಭೇಟಿಯ ವೃತ್ತಾಂತವನ್ನು ನಾವು ಓದಿದ್ದು ಅದಾದ ಮೇಲೆ.

ಎಲಿಜಬೆತ್‌ಳ ಕೀರ್ತಿ ಹರಡಿತು. 1818ರ ಫೆಬ್ರವರಿಯಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ಲಂಡನ್ನಿನ ಸೆರೆಮನೆಗಳ ಬಗ್ಗೆ ಆಕೆಯ ಹೇಳಿಕೆಯನ್ನು ಪಡೆಯಿತು. ಹೆಂಗಸರಿಗೆ ಮತದಾನದ ಹಕ್ಕೂ ಇಲ್ಲದಿದ್ದ ಕಾಲದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಮೂವತ್ತು ಮಂದಿ ಮಲಗುವ ಕೋಣೆಯಲ್ಲಿ ಒಬ್ಬೊಬ್ಬಳಿಗೆ ಆರಡಿ ಉದ್ದ ಎರಡಡಿ ಅಗಲದ ಸ್ಥಳವಷ್ಟೇ ಇದೆಯೆಂದು ಅಳತೆ ಸಮೇತ ಆಕೆ ಹೇಳಿದಳು. 1823ರ ಸೆರೆಮನೆ ಕಾಯಿದೆಯಲ್ಲಿ ಸ್ತ್ರೀ ಕೈದಿಗಳ ಕಾವಲಿಗೆ ಸ್ತ್ರೀಯರನ್ನೇ ನೇಮಿಸಬೇಕೆಂಬ ನಿಯಮ ಸೇರಿತು. ಅರಸರೂ ಅರಸಿಯರೂ ಆಕೆಯನ್ನು ಕಾಣಬಯಸಿದರು. ಆದರೆ ಅದೇ 1818ರಲ್ಲಿ ಹ್ಯಾರಿಯೆಟ್ ಸ್ಕೆಲ್ಟನ್ ಎಂಬ ಹೆಂಗಸು ಖೋಟಾ ನೋಟು ಚಲಾಯಿಸಿದ್ದಕ್ಕಾಗಿ ಗಲ್ಲಿಗೆ ಗುರಿಯಾದಾಗ, ಎಲಿಜಬೆತ್ ಗೃಹಮಂತ್ರಿಯ ಬಾಗಿಲಿಗೆ ಹೋಗಿ ಬೇಡಿಕೊಂಡರೂ ಆಕೆಯ ಪ್ರಾಣ ಉಳಿಯಲಿಲ್ಲ. ಮಂತ್ರಿಯ ಅಸಮಾಧಾನವಷ್ಟೇ ಎಲಿಜಬೆತ್‌ಗೆ ದಕ್ಕಿದ್ದು.

ಇನ್ನು ಹಡಗುಗಳ ವಿಷಯಕ್ಕೆ ಬರೋಣ. ಕೌದಿಯ ಕಥೆ ಆರಂಭವಾಗುವುದು ಅಲ್ಲಿಯೇ.

ಗಡೀಪಾರಿನ ಶಿಕ್ಷೆಗೊಳಗಾದ ಹೆಂಗಸರನ್ನು ನ್ಯೂಗೇಟಿನಿಂದ ಥೇಮ್ಸ್ ನದಿಯ ಹಡಗಿಗೆ ತೆರೆದ ಬಂಡಿಗಳಲ್ಲಿ ಒಯ್ಯುತ್ತಿದ್ದರು. ದಾರಿಯುದ್ದಕ್ಕೂ ಜನ ಕೂಗಾಡಿ ಕೆಸರು ಎರಚುತ್ತಿದ್ದರು. ಹೊರಡುವ ಹಿಂದಿನ ರಾತ್ರಿ ಆ ಹೆಂಗಸರು ಹತಾಶೆಯಿಂದ ಕಿಟಕಿ, ಬೆಂಚು, ಕೈಗೆ ಸಿಕ್ಕಿದುದನ್ನೆಲ್ಲ ಒಡೆದುಹಾಕುವುದು ವಾಡಿಕೆಯಾಗಿಹೋಗಿತ್ತು. 1818ರಲ್ಲಿ ಮರಾಯ ಎಂಬ ಹಡಗಿಗೆ ಹೆಂಗಸರನ್ನು ಕಳುಹಿಸುವಾಗ ಎಲಿಜಬೆತ್ ಅಧಿಕಾರಿಗಳ ಮನವೊಲಿಸಿ ಮುಚ್ಚಿದ ಬಾಡಿಗೆ ಗಾಡಿಗಳನ್ನು ಏರ್ಪಡಿಸಿದಳು. ತಾನೂ ಜೊತೆಗೆ ಹೋಗುವೆನೆಂದು ಮಾತು ಕೊಟ್ಟಳು. ಆ ರಾತ್ರಿ ಏನೂ ಒಡೆಯಲಿಲ್ಲ.

ಹಡಗಿನಲ್ಲಿ 128 ಕೈದಿಗಳು; ಜೊತೆಗೆ ಅವರ ಮಕ್ಕಳು. ಹಡಗು ಐದು ವಾರ ನದಿಯಲ್ಲಿಯೇ ನಿಂತಿತ್ತು. ಆಮೇಲೆ ತಿಂಗಳುಗಟ್ಟಲೆಯ ಸಮುದ್ರಯಾನ. ಅಷ್ಟು ದಿನ ಈ ಹೆಂಗಸರು ಕೈಕಟ್ಟಿ ಕುಳಿತರೆ ನ್ಯೂಗೇಟಿನಲ್ಲಿ ಕಟ್ಟಿದುದೆಲ್ಲ ಕುಸಿಯುವುದು ಖಂಡಿತ. ಆದರೆ ಸಮುದ್ರದ ನಡುವೆ ಉಡುಪು ಹೊಲಿಸಲು ಥಾನುಗಟ್ಟಲೆ ಬಟ್ಟೆ ಕೊಡುವವರಾರು? ಆಗ ತೋಚಿದ ಉಪಾಯವೇ ಚೂರು ಬಟ್ಟೆಗಳ ಜೋಡಣೆ. ನಮ್ಮ ಉತ್ತರ ಕರ್ನಾಟಕದ ತಾಯಂದಿರು ಕೌದಿಯೆಂದೂ ಬೇರೆ ಕೆಲವೆಡೆ ಬೊಂತೆಯೆಂದೂ ಕರೆಯುವ ಆ ಕೆಲಸಕ್ಕೆ ಹೊಸ ಬಟ್ಟೆ ಬೇಕಿಲ್ಲ, ವಿಶಾಲ ಸ್ಥಳ ಬೇಕಿಲ್ಲ. ಮಡಿಲಲ್ಲಿ ಹಿಡಿಯುವಷ್ಟು ಚೂರು, ಒಂದು ಸೂಜಿ, ಒಂದಿಷ್ಟು ದಾರ, ಧಾರಾಳವಾದ ಸಮಯ ಇಷ್ಟಿದ್ದರೆ ಸಾಕು. ಬೇಸರ ಬಂದಾಗ ಬದಿಗಿಟ್ಟು ಮತ್ತೆ ಹಿಡಿಯಬಹುದು. ಲಂಡನ್ನಿನಲ್ಲಿದ್ದ ಮ್ಯಾಂಚೆಸ್ಟರ್ ಬಟ್ಟೆಯ ಮಳಿಗೆಗಳಿಂದ ಎಲಿಜಬೆತ್‌ಳ ಗೆಳತಿಯರು ಬಣ್ಣಬಣ್ಣದ ಹತ್ತಿ ಬಟ್ಟೆಯ ಚೂರುಗಳನ್ನು ಬೇಡಿ ತಂದರು. ಹೆಂಗಸರನ್ನು ಹನ್ನೆರಡರ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಒಬ್ಬ ನಾಯಕಿಯನ್ನು ಗೊತ್ತುಮಾಡಲಾಯಿತು. ಹಡಗಿನ ಹಿಂಭಾಗದಲ್ಲಿ ಮಕ್ಕಳಿಗೊಂದು ಶಾಲೆ ಏರ್ಪಟ್ಟಿತು. ಹೊಲಿದ ಹೊದಿಕೆ ಹೊಲಿದವಳದೇ. ಮುಂದೆ ಒಂದು ಹಡಗು ರಿಯೋ ಡಿ ಜನೈರೋ ಬಂದರಿನಲ್ಲಿ ತಂಗಿದಾಗ ಇಂತಹ ಹೊದಿಕೆಗಳು ಒಂದೊಂದು ಗಿನಿಗೆ ಮಾರಾಟವಾದವು. ಗಿನಿ ಎಂದರೆ ಇಪ್ಪತ್ತೊಂದು ಶಿಲ್ಲಿಂಗ್. ಯಾರೂ ಪರಿಚಯವಿಲ್ಲದ ನೆಲದಲ್ಲಿ ಇಳಿಯುವ ಹೆಂಗಸಿಗೆ ಅಷ್ಟು ಹಣ ಕೈಯಲ್ಲಿದ್ದರೆ ಮಾನ ಮಾರಿಕೊಳ್ಳುವ ಒತ್ತಾಯ ಒಂದಿಷ್ಟಾದರೂ ತಪ್ಪುತ್ತಿತ್ತು.

1821ರಲ್ಲಿ ಈ ಕಾರ್ಯ ದೇಶವ್ಯಾಪಿಯಾದ ಮಹಿಳಾ ಸಂಘವೊಂದರ ರೂಪವನ್ನು ತಳೆಯಿತು. ಹಡಗೇರುವ ಪ್ರತಿಯೊಬ್ಬ ಕೈದಿಗೂ ಈ ಸಂಘದವರು ಒಂದು ಚೀಲವನ್ನು ಕೊಡುತ್ತಿದ್ದರು. ನೂರು ಸೂಜಿಗಳು, ಗುಂಡುಸೂಜಿಗಳು, ಕತ್ತರಿ, ಬೆರಳ ಟೊಪ್ಪಿ, ಬಿಳಿಯ ದಾರದ ನಾಲ್ಕು ಉಂಡೆ, ಕಪ್ಪು ಕೆಂಪು ನೀಲಿ ಬಣ್ಣದ ಒಂದೊಂದು ಉಂಡೆ, ಕಪ್ಪು ಉಣ್ಣೆ, ಬಣ್ಣದ ನೂಲಿನ ಇಪ್ಪತ್ನಾಲ್ಕು ಲಡಿಗಳು, ಎರಡು ಪೌಂಡ್ ತೂಕದ ಬಟ್ಟೆಯ ಚೂರುಗಳು. ಒಂದು ಪವಿತ್ರ ಬೈಬಲ್. ಕಣ್ಣು ಮಂದವಾಗಿದ್ದವರಿಗೆ ಕನ್ನಡಕವೂ ಇರುತ್ತಿತ್ತು. ಈ ಪಟ್ಟಿಯನ್ನು ಓದುವಾಗ ನಮ್ಮ ಮನಸ್ಸು ಆ ಕನ್ನಡಕದ ಬಳಿ ನಿಂತುಬಿಡುತ್ತದೆ. ಕೈದಿಗೆ ಸೂಜಿ ಕೊಡಬೇಕೆಂದು ಯಾರಿಗಾದರೂ ತೋಚೀತು. ಆ ಸೂಜಿಗೆ ದಾರ ಪೋಣಿಸಲು ಮುದುಕಿಗೆ ಕಣ್ಣು ಕಾಣಿಸೀತೇ ಎಂದು ಯೋಚಿಸುವುದಕ್ಕೆ ಆ ಮುದುಕಿಯ ಪಕ್ಕದಲ್ಲಿ ಕುಳಿತಿರಬೇಕು.

1818ರಿಂದ 1843ರವರೆಗೆ, ಕಾಯಿಲೆ ಮಲಗಿಸಿದ ದಿನಗಳ ಹೊರತು, ಸ್ತ್ರೀ ಕೈದಿಗಳನ್ನು ಹೊತ್ತು ಥೇಮ್ಸ್ ನದಿಯಿಂದ ಹೊರಡುವ ಹಡಗುಗಳಿಗೆ ಎಲಿಜಬೆತ್ ತಪ್ಪದೆ ಹೋಗುತ್ತಿದ್ದಳು. ಹೀಗೆ ಬೀಳ್ಕೊಟ್ಟ ಹಡಗುಗಳು 106. ಅವುಗಳಲ್ಲಿ ಹೋದವರು ಸುಮಾರು 12,000 ಮಂದಿ. ಅವರನ್ನು ಕ್ವೇಕರ್ ಪಂಗಡಕ್ಕೆ ಸೇರಿಸಿಕೊಳ್ಳುವುದು ಆಕೆಯ ಉದ್ದೇಶವಾಗಿರಲಿಲ್ಲ. ಪವಿತ್ರ ಗ್ರಂಥವನ್ನು ಓದಿ ಹೇಳುತ್ತಿದ್ದಳು, ಪ್ರಾರ್ಥಿಸುತ್ತಿದ್ದಳು. ಅವರಲ್ಲಿ ಬಡ ಐರಿಷ್ ಕಥೋಲಿಕ ಹೆಂಗಸರೂ ಇದ್ದರು.

ಇಷ್ಟೆಲ್ಲ ಮಾಡಿದವಳಿಗೆ ನಿಂದೆ ತಪ್ಪಲಿಲ್ಲ. ಮನೆಮಕ್ಕಳನ್ನು ಬಂಧುಗಳ ಪಾಲಿಗೆ ಬಿಟ್ಟು ಕಳ್ಳಿಯರ ಹಿಂದೆ ಅಲೆಯುತ್ತಾಳೆಂದು ಸ್ವಪಂಗಡದವರೇ ಆಡಿಕೊಂಡರು. ಈ ಮಾತಿನಲ್ಲಿ ಹುರುಳೇ ಇರಲಿಲ್ಲವೆಂದು ನಾವು ಹೇಳಲಾರೆವು. ಮಕ್ಕಳು ಕೆಲಕಾಲ ಬಂಧುಗಳ ಮನೆಗಳಲ್ಲಿ ಬೆಳೆದದ್ದು ನಿಜ. ಅವರಲ್ಲಿ ಹೆಚ್ಚಿನವರು ದೊಡ್ಡವರಾದ ಮೇಲೆ ತಾಯಿಯ ಪಂಗಡವನ್ನು ತೊರೆದದ್ದೂ ನಿಜ. ಆಕೆಯ ದಿನಚರಿಯಲ್ಲಿ ಈ ವ್ಯಥೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸಿಡ್ನಿ ಸ್ಮಿತ್‌ನಂತಹ ಹೆಸರಾಂತ ಲೇಖಕ ಆಕೆಯನ್ನು ಮೆಚ್ಚುತ್ತಲೇ, ಸೆರೆಮನೆ ಕಷ್ಟದ ಸ್ಥಳವಾಗಿರಬೇಕೇ ಹೊರತು ಕೂಲಿ ಸಿಗುವ ಕಾರ್ಖಾನೆಯಾಗಬಾರದೆಂದು ವಾದಿಸಿದ. 1828ರ ನವೆಂಬರಿನಲ್ಲಿ ದೊಡ್ಡ ಪೆಟ್ಟು ಬಿತ್ತು. ಜೋಸೆಫ್ ಫ್ರೈಯ ಬ್ಯಾಂಕ್ ಮುಳುಗಿತು. ಸಾಲ ತೀರಿಸಲಾಗದವನನ್ನು ಕ್ವೇಕರರು ತಮ್ಮ ಸಭೆಯಿಂದ ಹೊರಹಾಕಿದರು. ಇತರರ ಹಣವನ್ನು ಹೆಂಡತಿ ದಾನಧರ್ಮಕ್ಕೆ ಸುರಿದುದರಿಂದಲೇ ಬ್ಯಾಂಕ್ ಮುಳುಗಿತೆಂಬ ಸುಳ್ಳು ಸುದ್ದಿಯೂ ಹರಡಿತು. ದೊಡ್ಡ ಮನೆಯನ್ನು ಬಿಟ್ಟು ಚಿಕ್ಕ ಮನೆಗೆ ಬಂದದ್ದಾಯಿತು. ಕೆಲಕಾಲ ಆಕೆ ತಲೆಯೆತ್ತಿ ಹೊರಗೆ ಹೋಗಲೂ ಸಂಕೋಚಪಟ್ಟಳು. ಸೋದರರ ನೆರವಿನಿಂದ ಮನೆ ನಡೆಯಿತು. ನೊಂದು ಮೂಲೆ ಸೇರಬಹುದಾಗಿದ್ದ ಆ ಐವತ್ತರ ಹತ್ತಿರದ ಹೆಂಗಸು ಮತ್ತೆ ಹಡಗಿನ ಏಣಿಯನ್ನೇರಿದಳು.

ಆಕೆಯ ಕೊನೆಯ ವರ್ಷಗಳಲ್ಲಿ ನಡೆದ ಒಂದು ಯಾನವನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. 1841ರ ಏಪ್ರಿಲ್ 5ರಂದು ರಾಜಾ ಎಂಬ ಹಡಗು 180 ಸ್ತ್ರೀ ಕೈದಿಗಳೊಂದಿಗೆ ಲಂಡನ್ನಿನ ಬಳಿಯ ವುಲಿಚ್ಚಿನಿಂದ ಹೊರಟಿತು. ಈ ಸಲ ಮಹಿಳಾ ಸಂಘದ ಪರವಾಗಿ ಕೀಜಾಯ ಹೇಟರ್ ಎಂಬ ತರುಣಿ ಮೇಲ್ವಿಚಾರಕಿಯಾಗಿ ಜೊತೆಗೆ ಹೋಗಿದ್ದಳು. ಜುಲೈ 19ರಂದು ಹಡಗು ಈಗ ಟಾಸ್ಮೇನಿಯ ಎಂದು ಕರೆಯುವ ದ್ವೀಪದ ಹೋಬಾರ್ಟ್ ಬಂದರನ್ನು ಮುಟ್ಟಿತು. ಒಟ್ಟು 105 ದಿನಗಳು. ಅಷ್ಟರೊಳಗೆ ಆ ಹೆಂಗಸರಲ್ಲಿ ಕೆಲವರು ಕೂಡಿ ಒಂದು ಭಾರಿ ಹೊದಿಕೆಯನ್ನು ಹೊಲಿದು ಮುಗಿಸಿದ್ದರು. ಅದರಲ್ಲಿರುವ ಬಟ್ಟೆಯ ತುಂಡುಗಳು 2,815. ಉದ್ದ ಅಗಲಗಳೆರಡೂ ಮೂರು ಮೀಟರಿಗೂ ಹೆಚ್ಚು. ನಡುವೆ ಹೂವು ಹಕ್ಕಿಗಳ ಚಿತ್ರಗಳನ್ನು ಕತ್ತರಿಸಿ ಅಂಟಿಸಿದಂತೆ ಹೊಲಿದಿದ್ದಾರೆ. ಸುತ್ತಲೂ ಪಟ್ಟಿ ಪಟ್ಟಿಯಾಗಿ ಚೂರುಗಳ ಜೋಡಣೆ. ಕೆಲವು ಕಡೆ ಹೊಲಿಗೆ ನುರಿತ ಕೈಯದು. ಕೆಲವು ಕಡೆ ಆಗತಾನೇ ಸೂಜಿ ಹಿಡಿದ ಕೈಯದು. ಕೆಳಗಿನ ಅಂಚಿನಲ್ಲಿ ರೇಷ್ಮೆಯ ದಾರದಿಂದ ಅಕ್ಷರಗಳನ್ನು ಹೆಣೆದು, ಹಡಗಿನ ಕೈದಿಗಳ ಹಿತ ನೋಡುತ್ತಿದ್ದ ಸಂಘದ ಮಹಿಳೆಯರಿಗೆ ತಮ್ಮ ಕೃತಜ್ಞತೆಯನ್ನು ತಿಳಿಸಿ, ದುಡಿಯಬೇಕೆಂಬ ಅವರ ಬುದ್ಧಿಮಾತನ್ನು ತಾವು ಕಡೆಗಣಿಸಿಲ್ಲವೆಂಬುದಕ್ಕೆ ಇದೇ ಸಾಕ್ಷಿಯೆಂದು ಬರೆದಿದ್ದಾರೆ. ಹೊಲಿದವರ ಹೆಸರುಗಳಿಲ್ಲ.

ಇತರ ಹೊದಿಕೆಗಳಂತೆ ಇದನ್ನು ಅವರು ಮಾರಲಿಲ್ಲ, ಕಾಣಿಕೆಯಾಗಿ ಕೊಟ್ಟರು. ಯಾರ ಬಳಿ ಕೊಡಲು ಏನೂ ಇರಲಾರದೆಂದು ಲೋಕ ತಿಳಿದಿತ್ತೋ ಅವರು ಕೊಟ್ಟ ಕಾಣಿಕೆಯಿದು. ಆ ಹೊದಿಕೆ ಮತ್ತೆ ಸಮುದ್ರ ದಾಟಿ ಬ್ರಿಟನ್ನಿಗೆ ಬಂತು.

ಎಲಿಜಬೆತ್‌ಳ ಆರೋಗ್ಯ ಅಷ್ಟರಲ್ಲಿ ಕುಸಿದಿತ್ತು. 1842ರ ಜನವರಿಯಲ್ಲಿ ಪ್ರಷ್ಯದ ಅರಸ ಆಕೆಯೊಡನೆ ನ್ಯೂಗೇಟಿಗೆ ಬಂದು, ಕೈದಿಗಳೊಂದಿಗೆ ಪ್ರಾರ್ಥನೆಯಲ್ಲಿ ಪಾಲ್ಗೊಂಡು, ಆಕೆಯ ಮನೆಯಲ್ಲಿ ಊಟಮಾಡಿ ಹೋದ. 1845ರ ಅಕ್ಟೋಬರ್ ತಿಂಗಳಲ್ಲಿ ಸಮುದ್ರ ತೀರದ ರ‍್ಯಾಮ್ಸ್‌ಗೇಟ್ ಪಟ್ಟಣದಲ್ಲಿದ್ದಾಗ ಆಕೆಗೆ ಪಾರ್ಶ್ವವಾಯು ಬಡಿಯಿತು. 12ನೆಯ ತಾರೀಖು ಆಕೆ ದೇವರ ಪಾದವನ್ನು ಸೇರಿದಳು. ಲಂಡನ್ನಿನ ಹೊರವಲಯದ ಬಾರ್ಕಿಂಗಿನಲ್ಲಿರುವ ಕ್ವೇಕರರ ಸ್ಮಶಾನದಲ್ಲಿ ಆಕೆಯನ್ನು ಸಮಾಧಿ ಮಾಡಿದರು. ಟಾಸ್ಮೇನಿಯಕ್ಕೆ ಕೈದಿಗಳ ಸಾಗಣೆ 1853ರಲ್ಲಿ ನಿಂತಿತು. ನ್ಯೂಗೇಟ್ ಸೆರೆಮನೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಡವಿದರು. 2002ರಿಂದ 2017ರವರೆಗೆ ಇಂಗ್ಲೆಂಡಿನ ಐದು ಪೌಂಡಿನ ನೋಟಿನ ಮೇಲೆ, ನ್ಯೂಗೇಟಿನಲ್ಲಿ ಕೈದಿಗಳಿಗೆ ಓದಿ ಹೇಳುತ್ತಿರುವ ಎಲಿಜಬೆತ್‌ಳ ಚಿತ್ರ ಚಲಾವಣೆಯಲ್ಲಿತ್ತು. ನೋಟಿನ ಅಪರಾಧಕ್ಕೆ ನೇಣಿಗೇರಿದ ಹ್ಯಾರಿಯೆಟ್ ಸ್ಕೆಲ್ಟನ್‌ಳನ್ನು ಬಲ್ಲವರಿಗೆ ಇದು ಎಂತಹ ವಿಚಿತ್ರವೆನಿಸದಿರದು.

ರಾಜಾ ಹಡಗಿನ ಹೊದಿಕೆಯಾದರೋ ಜನರ ನೆನಪಿನಿಂದ ಮರೆಯಾಗಿ, ಒಂದೂವರೆ ಶತಮಾನಕ್ಕೆ ಸಮೀಪದ ಕಾಲ ಎಲ್ಲೋ ಮಡಿಸಿಟ್ಟಂತೆಯೇ ಉಳಿದಿತ್ತು. 1987ರಲ್ಲಿ ಅದು ಸ್ಕಾಟ್ಲೆಂಡಿನಲ್ಲಿ ಪತ್ತೆಯಾಯಿತು. 1989ರಲ್ಲಿ ಆಸ್ಟ್ರೇಲಿಯಾದವರು ಅದನ್ನು ಕೊಂಡು ತರಿಸಿಕೊಂಡು, ಕ್ಯಾನ್‌ಬೆರಾ ನಗರದ ರಾಷ್ಟ್ರೀಯ ಕಲಾಶಾಲೆಯಲ್ಲಿ ಇರಿಸಿದ್ದಾರೆ. ಬೆಳಕು ಬಿದ್ದರೆ ಹಳೆಯ ಹತ್ತಿ ಬಟ್ಟೆಯ ಬಣ್ಣ ಮಾಸುವುದರಿಂದ ಅದನ್ನು ಸದಾ ತೆರೆದಿಡುವುದಿಲ್ಲ. ಆಗಾಗ ಸ್ವಲ್ಪ ಕಾಲ ಹೊರತೆಗೆದು ಬಿಡಿಸಿ ತೋರಿಸಿ, ಮತ್ತೆ ಕತ್ತಲೆಯ ಕೋಣೆಯಲ್ಲಿ ಜೋಪಾನವಾಗಿ ಇಡುತ್ತಾರೆ.